ಅರ್ಧ ಇಂಚು ಒಳಗೆ ಬಿಟ್ಟ ಗಿಟಾರು

"ಟೇಪು ಹಿಡಿದು ಇಪ್ಪತ್ತೆಂಟು ವರ್ಷ ಆಯ್ತು. ಜುಜುಬಿ ಒಂದು ಗಿಟಾರಿಗೆ ಇನ್ನೊಬ್ಬನ ಹತ್ರ ಹೋಗ್ತೀನಾ? ನಾನೇ ಮಾಡ್ತೀನಿ!"

ಟೈಲರ್ ಮಾಸ್ಟರು ಕತ್ತರಿಯನ್ನು ಮೇಜಿಗೆ ಕುಕ್ಕಿ ಶಪಥ ಮಾಡಿದರು. ಶನಿವಾರ ಮಗಳು ಶಾಲೆಯ ವೇದಿಕೆಯ ಮೇಲೆ ನುಡಿಸಬೇಕಿತ್ತು. ಮಾಸ್ಟರ ಅಂಗಡಿಯ ಬಾಗಿಲಲ್ಲೊಂದು ಬೋರ್ಡು: 'ಇಲ್ಲಿ ಆಲ್ಟರೇಷನ್ ಮಾಡುವುದಿಲ್ಲ.' ತಾವು ಹೊಲಿದದ್ದಕ್ಕೆ ಅದು ಬೇಕಾಗುವುದಿಲ್ಲ, ಬೇರೆಯವರು ಕೆಡಿಸಿದ್ದನ್ನು ತಾವು ಮುಟ್ಟುವುದಿಲ್ಲ ಎಂಬುದು ಅದರ ತಾತ್ಪರ್ಯ.

"ರೀ, ಅದು ಮರ. ಕೆಟ್ಟರೆ ಇಸ್ತ್ರಿ ಹಾಕಿ ಮುಚ್ಚೋಕಾಗಲ್ಲ," ಎಂದಳು ಗುಂಡಿ ಹಾಕುತ್ತಿದ್ದ ಹೆಂಡತಿ.

"ಮರವಾದ್ರೇನು, ಬಟ್ಟೆಯಾದ್ರೇನು? ಅಳತೆ ಅಳತೆಯೇ!"

ಗಿಟಾರಿನ ಹೊಟ್ಟೆ, ಕುತ್ತಿಗೆ ಹೇಗೋ ಮುಗಿದವು. ಉಳಿದದ್ದು ಫ್ರೆಟ್‌ಬೋರ್ಡು, ಅಂದರೆ ಬೆರಳೊತ್ತುವ ಉದ್ದನೆಯ ಪಟ್ಟಿ. ಅದರ ಮೇಲೆ ಅಡ್ಡಡ್ಡ ಲೋಹದ ಗೆರೆಗಳು; ನೆತ್ತಿಯಲ್ಲಿ ತಂತಿಗಳನ್ನು ಎತ್ತಿ ಹಿಡಿಯುವ ಸಣ್ಣ ಕಟ್ಟೆ, ಅದೇ ನಟ್ಟು. ಮಾಸ್ಟರು ಪುಸ್ತಕ ನೋಡಿ, ಬಟ್ಟೆಗೆ ಗೀಚುವ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಇಪ್ಪತ್ತು ಗೆರೆಗಳನ್ನು ಕೂರಿಸಿದರು. ಗೆರೆಗೂ ಗೆರೆಗೂ ನಡುವೆ ಕೂದಲೆಳೆಯಷ್ಟೂ ತಪ್ಪಿಲ್ಲ! ಇನ್ನು ನಟ್ಟಿಗೆ ಕೊಂಬು ಒಳ್ಳೆಯದೆಂದು ಪುಸ್ತಕ ಹೇಳಿತ್ತು.

"ರೀ, ನನ್ನ ಕೊಂಬಿನ ಬಾಚಣಿಗೆ ಎಲ್ಲಿ?"

"ಕಲಾಸೇವೆಗೆ ಹೋಗಿದೆ!"

ಗುರುವಾರ ತಂತಿ ಏರಿತು. ಮಗಳು ಬರಿ ತಂತಿ ಮೀಟಿದಳು. ಆಹಾ! ಬೆರಳೊತ್ತಿ ಮೀಟಿದಳು. ಅಯ್ಯೋ! ಒತ್ತಿದ ಸ್ವರವೆಲ್ಲ ಒಂದಿಷ್ಟು ಮೇಲೇರಿ ಕಿರುಚುತ್ತಿತ್ತು.

"ಅಪ್ಪಾ, ಅಪಸ್ವರ ಬರ್ತಿದೆ."

"ಹೊಸದಲ್ವಾ ಪುಟ್ಟಿ, ಒಂದು ಒಗೆತ ಆದ್ಮೇಲೆ ಸರಿಹೋಗುತ್ತೆ."

ಮಾಸ್ಟರು ಸೋಲೊಪ್ಪುವ ಆಸಾಮಿಯಲ್ಲ. ತಂತಿ ಬದಲಿಸಿದರು. ನಟ್ಟು ಎತ್ತರವಾಯಿತೆಂದು ಅರದಿಂದ ಉಜ್ಜಿದರು. ಉಜ್ಜಿದ್ದು ಅತಿಯಾಗಿ, ತಂತಿಗಳು ಗೆರೆಗೆ ತಾಗಿ ಜೀರ್ ಎಂದವು. ಬಾಚಣಿಗೆಯ ಉಳಿದರ್ಧವೂ ಕಲಾಸೇವೆಗೆ ಸೇರಿತು. ಅಪಸ್ವರ ಮಾತ್ರ ಹಟ ಬಿಡಲಿಲ್ಲ.

ಶುಕ್ರವಾರ ಸಂಜೆ ಮಗಳು ಮೆಲ್ಲಗೆ ಹೇಳಿದಳು: "ಬಿಡಪ್ಪಾ, ನನ್ನ ಹೆಸರು ತೆಗೆಸಿಬಿಡ್ತೀನಿ."

ಹೆಂಡತಿ ಸೂಜಿ ಕೆಳಗಿಟ್ಟು, ಟೇಪು ಕಿತ್ತುಕೊಂಡು, ನಟ್ಟಿನಿಂದ ಮೊದಲ ಗೆರೆಗೆ ಅಳೆದಳು. ಪುಸ್ತಕ ನೋಡಿದಳು. ಮತ್ತೆ ಅಳೆದಳು.

"ರೀ, ಇಲ್ಲಿ ಅರ್ಧ ಇಂಚು ಜಾಸ್ತಿ ಇದೆ."

"ಇರಲೇಬೇಕು! ಒಳಗೆ ಬಿಟ್ಟಿದ್ದೀನಿ."

"ಯಾಕೆ?"

"ಬೆಳೆಯೋ ಹುಡುಗಿ ಕಣೇ! ನಾಳೆ ಬಿಗಿಯಾದ್ರೆ ಬಿಚ್ಚಿ..." ಎನ್ನುತ್ತ ಮಾಸ್ಟರು ಬಾಯಿ ತೆರೆದುಕೊಂಡೇ ನಿಂತರು. ಇಪ್ಪತ್ತೆಂಟು ವರ್ಷ ಪಳಗಿದ ಕೈ, ತಲೆಯನ್ನು ಒಂದು ಮಾತೂ ಕೇಳದೆ ತನ್ನ ಕೆಲಸ ತಾನು ಮಾಡಿಬಿಟ್ಟಿತ್ತು!

"ಈಗೇನು ಮಾಡೋದು?"

"ತೋಳು ಉದ್ದವಾದ್ರೆ ಏನು ಮಾಡ್ತಾರೆ? ಹೆಚ್ಚಾದ್ದನ್ನ ಕತ್ತರಿಸಿ ಕಫ್ಫು ಮೇಲಕ್ಕೆ ತರ್ತಾರೆ."

"ಅದು ಆಲ್ಟರೇಷನ್!"

ಹೆಂಡತಿ ಕಣ್ಣಲ್ಲೇ ಮಗಳ ಕಡೆ ತೋರಿಸಿದಳು. ಮಾಸ್ಟರು ಎದ್ದು ಹೋಗಿ ಬಾಗಿಲ ಬೋರ್ಡನ್ನು ಗೋಡೆಗೆ ಮುಖಮಾಡಿ ತಿರುಗಿಸಿದರು. ನಂತರ ಗರಗಸ ಎತ್ತಿಕೊಂಡರು. ಫ್ರೆಟ್‌ಬೋರ್ಡಿನ ನೆತ್ತಿಯಿಂದ ಅರ್ಧ ಇಂಚು ಬಿತ್ತು, ನಟ್ಟು ಗೆರೆಗಳತ್ತ ಸರಿಯಿತು. ಮಗಳು ಬೆರಳೊತ್ತಿ ಮೀಟಿದಳು. ಸ್ವರ ಜೇನಿನಂತೆ ಇಳಿಯಿತು!

ಶನಿವಾರ ಮಗಳ ನುಡಿಸಾಣಿಕೆ ಮುಗಿದಾಗ ಸಭಾಂಗಣವೆಲ್ಲ ಚಪ್ಪಾಳೆ. ಮಾಸ್ಟರು ಕಣ್ಣೊರೆಸಿಕೊಂಡು, ಎದೆಯುಬ್ಬಿಸಿ ಎದ್ದು ನಿಂತರು. ಟಪ್! ಪ್ಯಾಂಟಿನ ಗುಂಡಿ ಹಾರಿ ಮುಂದಿನ ಸಾಲಿನ ಹೆಡ್‌ಮಾಸ್ಟರ ಬೋಳುತಲೆಗೆ ಬಡಿಯಿತು. ಮಾಸ್ಟರು ಎರಡೂ ಕೈಯಲ್ಲಿ ಸೊಂಟ ಹಿಡಿದು ಕುಸಿದು ಕುಳಿತರು.

"ಎರಡು ವರ್ಷದಿಂದ ಉಸಿರು ಬಿಗಿಹಿಡಿದು ಹಾಕ್ಕೋತಿದ್ದೀರಿ," ಎಂದು ಹೆಂಡತಿ ಪಿಸುಗುಟ್ಟಿದಳು. "ಮನೆಗೆ ಹೋಗಿ ಬಿಚ್ಚಿ ಹೊಲೀರಿ. ಒಳಗೆ ಅರ್ಧ ಇಂಚು ಬಿಟ್ಟಿದ್ದೀರಲ್ಲ?"

ಮಾಸ್ಟರು ತಲೆ ತಗ್ಗಿಸಿದರು.

"ಇಲ್ಲ ಕಣೇ... ನಾನು ಬೆಳೆದಾಯ್ತು ಅಂದ್ಕೊಂಡಿದ್ದೆ."