ಅಮ್ಮ ಹೇಳಿದ ಜಾಗ

ಬೂಟಿನ ದಾರ ಕಟ್ಟಲು ಬಗ್ಗಿದ ರೆಜಿಸ್ ಮತ್ತೆ ಮೇಲೇಳಲಿಲ್ಲ. ಕಾಫಿ ಬಗ್ಗಿಸುತ್ತಿದ್ದ ಸೊಲಾಂಜ್‌ಳಿಗೆ ಮೊದಲು ಕಂಡದ್ದು ಗಂಡನ ಬೆನ್ನು ಮಾತ್ರ. ಏನೋ ಬಿದ್ದದ್ದನ್ನು ಹುಡುಕುತ್ತಿದ್ದಾನೆ ಎಂದುಕೊಂಡಳು. ಬಟ್ಟಲನ್ನು ಮೇಜಿನ ಮೇಲಿಟ್ಟು ತಿರುಗಿದಾಗಲೂ ಅವನು ಅರ್ಧ ಮಡಚಿದ ಕುರ್ಚಿಯ ಹಾಗೆ ನಿಂತೇ ಇದ್ದ.

"ಹಿಡ್ಕೊಂಡ್ಬಿಡ್ತು," ಎಂದ ನೆಲಕ್ಕೆ ಹೇಳುವವನಂತೆ.

"ಏನು?"

"ಸೊಂಟ. ಮುಟ್ಬೇಡ. ಮಾತಾಡಿಸ್ಲೂಬೇಡ."

ಬೇರೆ ಭಾನುವಾರವಾಗಿದ್ದರೆ ಅವನನ್ನು ಮಂಚಕ್ಕೆ ಸಾಗಿಸಿ, ಬಿಸಿನೀರಿನ ಚೀಲ ಕೊಟ್ಟು, ಅವಳು ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು. ಆದರೆ ಅಂದು ವೆರ್ನಾಸ್ ಊರಿನ ಸೈಕಲ್ ಸವಾರಿಯ ದಿನ. ಪ್ರತಿ ಅಕ್ಟೋಬರಿನಲ್ಲಿ ಸುತ್ತಲ ಊರುಗಳಿಂದ ಮುನ್ನೂರು ಜನ ದಪ್ಪ ಚಕ್ರದ ಸೈಕಲ್ಲುಗಳನ್ನು ತಂದು ಕಾಡು, ಹುಲ್ಲುಗಾವಲು, ಉತ್ತ ಹೊಲ ಎಲ್ಲವನ್ನೂ ಏರಿಳಿದು, ಕಣ್ಣೆರಡನ್ನು ಬಿಟ್ಟು ಮಿಕ್ಕೆಲ್ಲ ಕೆಸರಾಗಿ ಹಳೇ ಗಿರಣಿಯ ಹತ್ತಿರ ಸೇರುತ್ತಾರೆ. ಅಲ್ಲಿ ಬ್ರೆಡ್ಡು, ಹಂದಿಮಾಂಸದ ಪಾತೆ, ಚೀಸು, ಕೆಂಪು ವೈನು. ಯಾರಿಗೂ ಬಹುಮಾನವಿಲ್ಲ, ಪೈಪೋಟಿಯೇನಿದ್ದರೂ ಆ ಪಾತೆಯ ಮುಂದೆ. ದಾರಿ ತೋರಿಸುವ ಕೆಂಪು ಪಟ್ಟಿಗಳನ್ನು ಮರಗಳಿಗೆ ಕಟ್ಟುವುದು ಮಾತ್ರ ರೆಜಿಸ್‌ನ ಕೆಲಸ. ಹಿಂದಿನ ದಿನವೇ ಕಟ್ಟಿದರೆ ಪಕ್ಕದ ಮನೆಯ ಹ್ಯುಗೆತ್ ಅಜ್ಜಿಯ ಹಸುಗಳು ಅವನ್ನು ತಿಂದುಹಾಕುತ್ತಿದ್ದವು. ಹಾಗಾಗಿ ಅವತ್ತೇ ನಸುಕಿನಲ್ಲಿ ಹೋಗಿ ಕಟ್ಟಬೇಕಿತ್ತು.

ಪಟ್ಟಿಯ ಸುರುಳಿ ಹಿಡಿದು ಬಂದ ಅರ್ನೋ, ಬಾಗಿದ ರೆಜಿಸ್‌ನನ್ನು ಸುತ್ತುಹಾಕಿ ಒಳಗೆ ಬಂದ. ಔಷಧಿ ಅಂಗಡಿಯ ಅರ್ನೋ ಸೈಕಲ್ ಸಂಘದ ಅಧ್ಯಕ್ಷನೂ ಹೌದು. ಸ್ನೇಹಿತನಿಗೆ ಎರಡು ಮಾತ್ರೆ ಕೊಟ್ಟು, ನಕ್ಷೆಯನ್ನು ಬೆಣ್ಣೆಯ ತಟ್ಟೆಯ ಮೇಲೆಯೇ ಹರಡಿದ. ಈ ಸಲ ಹೊಸ ದಾರಿ ಮಾಡಿದ್ದೇವೆ ಎಂದು ಹೇಳುತ್ತ ಬೆರಳೋಡಿಸಿದ. ಅಜ್ಜಿಯ ಹುಲ್ಲುಗಾವಲು ದಾಟಿ, ಹಳ್ಳ ದಾಟಿ, ಅಲ್ಲಿಂದ ಬಲಕ್ಕೆ ಓಕ್ ಮರಗಳ ನಡುವೆ ನೇರ ಗಿರಣಿಗೆ.

ಸೊಲಾಂಜ್‌ಳ ಕೈ ನಕ್ಷೆಯ ಆ ತಿರುವಿನ ಮೇಲೆ ಹೋಗಿ ಕೂತಿತು.

ಅಲ್ಲಿ ವಿಪರೀತ ಕೆಸರಿದೆ ಎಂದಳು. ಕೆಸರಿಗೇ ತಾನೆ ಅವರು ಬರುವುದು ಎಂದ ಅರ್ನೋ. ಮುಳ್ಳಿದೆ ಎಂದಳು. ಹೋದ ವಾರವೇ ಕಡಿಸಿಯಾಗಿದೆ ಎಂದ. ನಿಜವಾದ ಕಾರಣ ಹೇಳುವಂತಿರಲಿಲ್ಲ. ಹೇಳಿದರೆ ಕಾಪಾಡಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

"ಪಟ್ಟಿ ನಾನೇ ಕಟ್ಟಿ ಬರ್ತೀನಿ," ಎಂದಳು.

"ನೀನು ಸೈಕಲ್ ಹತ್ತಿ ಯಾವ ಕಾಲ ಆಯ್ತು?" ಕೆಳಗಿನಿಂದ ರೆಜಿಸ್‌ನ ದನಿ ಬಂತು.

"ನಿನ್ನ ಸೊಂಟ ನೀನು ನೋಡ್ಕೊ."

ಆ ಓಕ್ ಮರಗಳಲ್ಲೊಂದರ ಬುಡದಲ್ಲಿ, ಮಳೆ ಬಂದು ಎರಡು ದಿನ ಬಿಸಿಲು ಕಾದರೆ, ಸೆಪ್ ಅಣಬೆ ಏಳುತ್ತದೆ. ವೆರ್ನಾಸ್‌ನಲ್ಲಿ ಜನ ತಮ್ಮ ಸಾಲದ ವಿಷಯ ಹೇಳುತ್ತಾರೆ, ಗಂಡನ ಕುಡಿತದ ವಿಷಯ ಹೇಳುತ್ತಾರೆ, ಅಣಬೆ ಸಿಗುವ ಜಾಗ ಮಾತ್ರ ಹೇಳುವುದಿಲ್ಲ. ಸೊಲಾಂಜ್‌ಳ ಅಮ್ಮ ಅಣಬೆಗೆ ಹೋಗುವಾಗ ಒಂದು ದಾರಿ ಹಿಡಿದರೆ ಬರುವಾಗ ಇನ್ನೊಂದು. ಬುಟ್ಟಿ ತುಂಬಿ ತುಳುಕುತ್ತಿತ್ತು. ಟೊಪ್ಪಿಗೆಗಳಿಗೆ ಅಂಟಿದ ಪೈನ್ ಎಲೆಯ ಸೂಜಿಗಳನ್ನು ಬಿಡಿಸುವುದು ಇಬ್ಬರು ಹೆಣ್ಣುಮಕ್ಕಳ ಕೆಲಸ. ಕೊನೆಯ ದಿನಗಳಲ್ಲಿ ಅಮ್ಮ ಸೊಲಾಂಜ್‌ಳನ್ನು ಹತ್ತಿರ ಕರೆದು, ಹಳ್ಳದಾಚೆಯ ಓಕ್ ಮರದ ಗುರುತು ಹೇಳಿದ್ದಳು. "ನಿನಗೊಬ್ಬಳಿಗೇ ಹೇಳಿರೋದು. ನಿಮ್ಮಕ್ಕನ ಬಾಯಲ್ಲಿ ಮಾತು ನಿಲ್ಲಲ್ಲ."

ಅಂದಿನಿಂದ ಅಕ್ಕ ಜಿಸೇಲ್‌ಳ ಮುಖ ನೋಡುವುದು ಸೊಲಾಂಜ್‌ಳಿಗೆ ಕಷ್ಟವಾಯಿತು. ಅಮ್ಮನ ಒಡವೆಯನ್ನು ಸಮಪಾಲು ಮಾಡಿಕೊಂಡಿದ್ದರು. ಇದೊಂದು ಮಾತ್ರ ಕದ್ದಿಟ್ಟುಕೊಂಡ ಹಾಗೆ. ಕೈಯಲ್ಲಿ ಅಣಬೆಯ ವಾಸನೆ ಇರುತ್ತದೆಂದು ಚಳಿಗಾಲ ಬರುವವರೆಗೂ ಅಕ್ಕನ ಮನೆಗೆ ಹೋಗುತ್ತಿರಲಿಲ್ಲ. ಭಾನುವಾರದ ಊಟ ಒಟ್ಟಿಗೆ ಮಾಡುವುದು ತಪ್ಪಿತು, ಆಮೇಲೆ ಫೋನೂ ಅಪರೂಪವಾಯಿತು. ಜಿಸೇಲ್‌ಳ ಗಂಡ ತೀರಿಕೊಂಡದ್ದೂ ಒಂದು ಅಕ್ಟೋಬರಿನಲ್ಲೇ. ಮಳೆ ಬಂದು ನಿಂತು ಎರಡು ದಿನ ಬಿಸಿಲು ಕಾದಿತ್ತು. ಸಮಾಧಾನ ಹೇಳಲು ಹೋದ ಸೊಲಾಂಜ್ ತಲೆನೋವೆಂದು ಬೇಗ ಎದ್ದು ಹೊರಟು ಓಕ್ ಮರದತ್ತ ಹೋಗಿದ್ದಳು. ಆ ಸಂಜೆಯ ಅಣಬೆಯ ರುಚಿ ಅವಳಿಗೆ ಈಗಲೂ ನೆನಪಿದೆ. ಅದು ನೆನಪಿರುವುದೇ ಅವಳಿಗೊಂದು ಶಿಕ್ಷೆಯಾಗಿತ್ತು.

ರೆಜಿಸ್‌ನ ಸೈಕಲ್ಲಿನ ಸೀಟು ಅವಳಿಗೆ ಎರಡು ಗೇಣು ಎತ್ತರ. ಹಿತ್ತಲಿನಿಂದ ಹ್ಯುಗೆತ್ ಅಜ್ಜಿಯ ಗೇಟಿನವರೆಗಿನ ದಾರಿಯಲ್ಲೇ ಬೇಲಿಗೆ ಒಮ್ಮೆ, ಗೊಬ್ಬರದ ರಾಶಿಗೆ ಒಮ್ಮೆ ಒರಗಿದಳು. ಊರುಗೋಲು ಹಿಡಿದು ಗೇಟಿನ ಬಳಿ ನಿಂತಿದ್ದ ಅಜ್ಜಿ, ಅಮ್ಮನ ಹಳೆಯ ಗೆಳತಿ, ಎಲ್ಲವನ್ನೂ ನೋಡಿದಳು.

"ಗಂಡನ್ನ ಬಿಟ್ಟು ಹೊರಟ್ಯೇನೆ? ಅವನ ಸೈಕಲ್ ಯಾಕೆ, ಕಾರು ತಗೊಂಡು ಹೋಗ್ಬೇಕಿತ್ತು."

ಸೊಲಾಂಜ್ ನಗುವಷ್ಟು ಉಸಿರು ಉಳಿಸಿಕೊಂಡಿರಲಿಲ್ಲ. ಹುಲ್ಲುಗಾವಲಿನಲ್ಲಿ ಕೆಂಚು ಹಸುಗಳು ಅವಳ ಹಿಂದೆಯೇ, ನೆಂಟರನ್ನು ಬೀಳ್ಕೊಡಲು ಬಂದವರಂತೆ, ಗಂಭೀರವಾಗಿ ನಡೆದವು. ಅವಳು ಕಟ್ಟಿದ ಮೊದಲ ಎರಡು ಪಟ್ಟಿಗಳು ಅವುಗಳ ಬೆಳಗಿನ ತಿಂಡಿಯಾದವು. ಮತ್ತೆ ಕಟ್ಟಿದಳು, ಈ ಸಲ ಎತ್ತರದ ಕೊಂಬೆಗೆ, ಸೈಕಲ್ಲಿನ ಮೇಲೆ ಹತ್ತಿ ನಿಂತು. ಹಳ್ಳದಲ್ಲಿ ಚಕ್ರ ಕಲ್ಲಿಗೆ ಸಿಕ್ಕಿ ಸೈಕಲ್ ನಿಂತಿತು, ಅವಳು ನಿಲ್ಲಲಿಲ್ಲ. ಸೊಂಟದವರೆಗೆ ತಣ್ಣನೆಯ ನೀರಿನಲ್ಲಿ ಕೂತು, ಈ ವಯಸ್ಸಿನಲ್ಲಿ ತಾನು ಮಾಡುತ್ತಿರುವುದು ಏನೆಂದು ಒಂದು ಗಳಿಗೆ ಯೋಚಿಸಿದಳು.

ಎದ್ದು ಬಲಕ್ಕೆ ಹೋಗಿ ಓಕ್ ಮರದ ಬುಡ ನೋಡಿದಳು. ಇದ್ದವು. ಕಡುಕಂದು ಟೊಪ್ಪಿಗೆಗಳು, ಗುಂಪಾಗಿ, ಶಾಲೆ ಬಿಡುವುದನ್ನೇ ಕಾಯುವ ಮಕ್ಕಳಂತೆ. ಕೀಳೋಣವೆಂದರೆ ಗಿರಣಿಯಲ್ಲಿ ಎಲ್ಲರ ಮುಂದೆ ಅವನ್ನು ಎಲ್ಲಿ ಬಚ್ಚಿಡುವುದು? ಒಣಗಿದ ಜರಿಗಿಡ ಮುಚ್ಚಿ ಹಿಂದಿರುಗಿದಳು. ಹಳ್ಳದ ಬಳಿಯಿಂದ ಎಡಕ್ಕೆ ಬಿಳಿ ತೊಗಟೆಯ ಬರ್ಚ್ ಮರಗಳ ಇಳಿಜಾರಿನ ಕಾಲುದಾರಿಯೂ ಗಿರಣಿಗೇ ಹೋಗುತ್ತಿತ್ತು. ಉಳಿದ ಪಟ್ಟಿಗಳನ್ನೆಲ್ಲ ಆ ಕಡೆ ಕಟ್ಟಿದಳು. ಅಲ್ಲಿ ಯಾರದ್ದೂ ಏನೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಗಿರಣಿಯಲ್ಲಿ ಜಿಸೇಲ್ ಆಗಲೇ ಪಾತೆ ಕತ್ತರಿಸುತ್ತಿದ್ದಳು. ಪ್ರತಿ ವರ್ಷ ಅಕ್ಕತಂಗಿಯರಿಬ್ಬರೂ ಒಂದೇ ಮೇಜಿನ ಎರಡು ತುದಿಗಳಲ್ಲಿ ನಿಲ್ಲುವುದು ರೂಢಿ. ನಡುವೆ ಬ್ರೆಡ್ಡಿನ ಬುಟ್ಟಿಗಳು ಗೋಡೆಯಂತೆ. ಒದ್ದೆಯಾಗಿ ಹುಲ್ಲು ಅಂಟಿಸಿಕೊಂಡು ಬಂದ ತಂಗಿಯನ್ನು ಜಿಸೇಲ್ ಒಮ್ಮೆ ನೋಡಿ, "ಒಲೆ ಹತ್ರ ನಿಂತ್ಕೊ," ಎಂದಳು. ಆ ವರ್ಷ ತಂಗಿಯೊಡನೆ ಅವಳಾಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಮೊದಲ ಗುಂಪು ಮಂಜಿನಿಂದ ಹೊರಬಂತು. ಎಲ್ಲರೂ ಹೆಲ್ಮೆಟ್ಟನ್ನು ತಲೆಯಿಂದ ತೆಗೆದು ಬುಟ್ಟಿಯ ಹಾಗೆ ಕೈಯಲ್ಲಿ ಹಿಡಿದಿದ್ದರು. ಒಳಗೆ ಸೆಪ್ ಅಣಬೆ. ತಿಳಿ ಬಣ್ಣದವು, ಬರ್ಚ್ ಇಳಿಜಾರಿನವು. ಆ ಕಡೆಯಲ್ಲಿ ಅನುಮಾನದ ಅಣಬೆಯನ್ನು ಔಷಧಿ ಅಂಗಡಿಯವನೇ ನೋಡಿ ಹೇಳಬೇಕು. ಸವಾರರು ಅರ್ನೋನ ಮುಂದೆ ಸಾಲು ನಿಂತರು. ಅವನು ಒಂದೊಂದನ್ನೂ ಮೂಸಿ, ತಿನ್ನಬಹುದು ಎಂದು ತೀರ್ಪು ಕೊಟ್ಟ.

ಯಾರದೋ ಜಾಗ ಸಿಕ್ಕಿಬಿತ್ತು ಎಂದು ಸೊಲಾಂಜ್‌ಳಿಗೆ ಅಯ್ಯೋ ಅನ್ನಿಸಿತು. ಆದರೆ ಅದರ ಅಡಿಯಲ್ಲೇ, ತನ್ನದಲ್ಲವಲ್ಲ ಎಂಬ ಬೆಚ್ಚಗಿನ ಸಂತೋಷವೂ ಇತ್ತು. ಮೇಜಿನ ಆ ತುದಿಯಲ್ಲಿ ಜಿಸೇಲ್‌ಳ ಮುಖ ಬಿಳಿಚಿಕೊಂಡಿತು. ಪಾಪ, ಅಣಬೆಯ ಜಾಗವಿಲ್ಲದವಳು, ಹೊಟ್ಟೆ ಉರಿದಿರಬೇಕು ಎಂದುಕೊಂಡಳು ತಂಗಿ. ಸಾಸಿವೆಯ ಡಬ್ಬಿ ಮನೆಯಲ್ಲೇ ಮರೆತೆ ಎಂದು ಹೇಳಿ ಜಿಸೇಲ್ ಕಾರು ಹತ್ತಿದಳು. ತಿರುಗಿ ಬಂದಾಗ ಮೊಣಕಾಲವರೆಗೆ ಕೆಸರಿತ್ತು, ಸಾಸಿವೆ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಎರಡನೆಯ ಗುಂಪು ಬಂತು. ಅವರ ಹೆಲ್ಮೆಟ್ಟುಗಳೂ ತುಂಬಿದ್ದವು. ಇವು ಕಡುಕಂದು ಟೊಪ್ಪಿಗೆಯವು. ಒಂದೆರಡಕ್ಕೆ ಜರಿಗಿಡದ ಚೂರೂ ಅಂಟಿತ್ತು. ಸೊಲಾಂಜ್ ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟಳು.

ಅರ್ನೋಗೆ ಉತ್ಸಾಹ ಬಂತು. ಮನೆಗೆ ಒಯ್ಯುವುದು ಬೇಡ, ಎಲ್ಲರಿಗೂ ಇಲ್ಲೇ ಆಮ್ಲೆಟ್ ಮಾಡಿಸೋಣ ಎಂದ. ಅಣಬೆ ಹಸನು ಮಾಡುವುದರಲ್ಲಿ ಈ ಅಕ್ಕತಂಗಿಯರಷ್ಟು ಕೈಚಳಕ ಇನ್ನಾರಿಗಿದೆ ಎಂದು ಹೊಗಳಿ, ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಮುಂದೆ ರಾಶಿ ಸುರಿದ. ಸೊಲಾಂಜ್ ಚಾಕು ತೆಗೆದುಕೊಂಡು, ತನ್ನ ಅಣಬೆಗಳನ್ನು ತಾನೇ, ಮುನ್ನೂರು ಜನರಿಗೆ ಹೆಚ್ಚತೊಡಗಿದಳು. ಪಕ್ಕದಲ್ಲಿ ಜಿಸೇಲ್ ತಿಳಿ ಬಣ್ಣದವನ್ನು ಹೆಚ್ಚುತ್ತಿದ್ದಳು. ಈರುಳ್ಳಿಯೇ ಇರಲಿಲ್ಲ, ಆದರೂ ಅವಳ ಕಣ್ಣಲ್ಲಿ ನೀರು.

"ಪಟ್ಟಿ ಎಡಕ್ಕೆ ಕಟ್ಟಿದ್ದು ನೀನಾ?" ತಲೆಯೆತ್ತದೆ ಕೇಳಿದಳು.

"ಬಲಕ್ಕೆ ತಿರುಗಿಸಿದ್ದು ನೀನಾ?"

ಚಾಕುಗಳೆರಡೂ ನಿಂತವು.

"ಬರ್ಚ್ ಜಾಗ ಅಮ್ಮ ನಂಗೊಬ್ಬಳಿಗೇ ಹೇಳಿದ್ದು," ಎಂದಳು ಜಿಸೇಲ್. "ನೀನು ಗಂಡನ ಹತ್ರ ಹೇಳ್ಬಿಡ್ತೀಯ ಅಂದ್ಲು. ನಿಂಗೆ ಮೋಸ ಮಾಡ್ತಿದ್ದೀನಿ ಅಂತ ಎಷ್ಟು ಸಂಕಟ ಪಟ್ಟೆ ಗೊತ್ತಾ. ಅದಕ್ಕೇ ನಿನ್ನ ಊಟಕ್ಕೆ ಕರೀತಿರ್ಲಿಲ್ಲ."

ಸೊಲಾಂಜ್ ತನ್ನದನ್ನೂ ಹೇಳಿದಳು. ಓಕ್ ಮರ, ಅಮ್ಮನ ಮಾತು, ಕೊನೆಗೆ ಆ ಅಕ್ಟೋಬರಿನ ತಲೆನೋವು. ಅದನ್ನು ಹೇಳುವಾಗ ದನಿ ಒಡೆಯಿತು. "ಅವತ್ತು ನಿನ್ನ ಜೊತೆ ಕೂತಿರ್ಬೇಕಿತ್ತು ಅಕ್ಕ."

ಜಿಸೇಲ್ ಒಂದು ಅಣಬೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನೀನು ಯಾವಾಗ ಏಳ್ತೀಯ ಅಂತ ನಾನೂ ಕಾಯ್ತಿದ್ದೆ ಕಣೇ. ಮಳೆ ಬಂದಿತ್ತಲ್ಲ."

ಇಬ್ಬರಿಗೂ ನಗು ಬಂತು. ನಕ್ಕು ಮುಗಿದ ಮೇಲೆ ಅಳುವೂ ಬಂತು. ಒಂದೊಂದು ಹಿಡಿ ಅಣಬೆಗೆ ಎಷ್ಟು ಭಾನುವಾರಗಳನ್ನು ಕೊಟ್ಟುಬಿಟ್ಟೆವು ಎಂದು ಸೊಲಾಂಜ್‌ಳಿಗೆ ಅನ್ನಿಸಿತು.

ಅಷ್ಟರಲ್ಲಿ ಊರುಗೋಲಿನ ಸದ್ದಾಯಿತು. ಆಮ್ಲೆಟ್ಟಿನ ಸುದ್ದಿ ಹ್ಯುಗೆತ್ ಅಜ್ಜಿಯವರೆಗೂ ಮುಟ್ಟಿತ್ತು. ಯಾರದೋ ಕಾರಿನಲ್ಲಿ ಬಂದಿದ್ದಳು. ನನ್ನದೂ ಇರಲಿ ಎಂದು ಮೊಣಕೈಯಲ್ಲಿದ್ದ ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. ತುಂಬಿ ತುಳುಕುವ ಬುಟ್ಟಿ. ಟೊಪ್ಪಿಗೆಗಳ ಮೇಲೆಲ್ಲ ಪೈನ್ ಸೂಜಿಗಳು.

ಅಕ್ಕತಂಗಿಯರು ಆ ಸೂಜಿಗಳನ್ನು ನೋಡಿದರು. ಓಕ್ ಮರದ ಹತ್ತಿರ ಪೈನ್ ಇಲ್ಲ. ಬರ್ಚ್ ಇಳಿಜಾರಿನಲ್ಲೂ ಇಲ್ಲ.

"ಎಲ್ಲಿ ಅಂತ ಕೇಳ್ಬೇಡಿ," ಎಂದಳು ಅಜ್ಜಿ. "ನಿಮ್ಮಮ್ಮ ನಂಗೊಬ್ಬಳಿಗೇ ಹೇಳಿದ್ದು. ಮಕ್ಕಳಿಗೆ ಹೇಳಿದ್ರೆ ಇಬ್ರೂ ಇದಕ್ಕೋಸ್ಕರ ಮಾತು ಬಿಡ್ತಾರೆ ಅನ್ನೋ ಹೆದರಿಕೆ ಅವಳಿಗೆ. ಸತ್ತ ಮೇಲೂ ನೀವಿಬ್ರೂ ಚೆನ್ನಾಗಿರ್ಬೇಕು ಅಂತಿದ್ಲು, ಪುಣ್ಯಾತ್ಗಿತ್ತಿ."

ಅಜ್ಜಿ ವೈನು ಹುಡುಕಿಕೊಂಡು ಹೋದಳು. ಇಬ್ಬರೂ ಅಭ್ಯಾಸಬಲದಿಂದ ಸೂಜಿ ಬಿಡಿಸತೊಡಗಿದರು, ಹುಡುಗಿಯರಾಗಿದ್ದಾಗಿನಂತೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು. ಜೊತೆಗೆ ಹುಡುಕೋಣ ಅಕ್ಕ ಎನ್ನುವ ಮಾತು ಸೊಲಾಂಜ್‌ಳ ನಾಲಿಗೆಯ ತುದಿಯಲ್ಲಿತ್ತು. ಹಳ್ಳದ ಮೇಲುಭಾಗದಲ್ಲಿ, ಅಜ್ಜಿಯ ಕೊನೆಯ ಹುಲ್ಲುಗಾವಲಿನಾಚೆ, ಒಂದು ಪೈನ್ ತೋಪಿತ್ತು. ಅದು ಅವಳಿಗೆ ಈಗಷ್ಟೇ ನೆನಪಾಗಿತ್ತು.

"ನಾಳೆ ಬೆಳಿಗ್ಗೆ ಏನ್ ಮಾಡ್ತೀಯ?" ಜಿಸೇಲ್ ಕೇಳಿದಳು.

"ಏನಿಲ್ಲ. ರೆಜಿಸ್ ಸೊಂಟಕ್ಕೆ ಶಾಖ ಕೊಡ್ಬೇಕು. ನೀನು?"

"ಹಲ್ಲಿನ ಡಾಕ್ಟರ ಹತ್ರ ಹೋಗ್ಬೇಕು," ಎಂದಳು ಜಿಸೇಲ್. ಅವಳ ಕಣ್ಣು ಹಳ್ಳದ ಮೇಲುಭಾಗದ ಕಡೆಗಿತ್ತು.