ದುರ್ಬೀನಿಗೊಂದು ಗೂಟ

ನಗೆಪಾಟಲಿಗೆ ನಮ್ಮ ಮನೆ ವಿಳಾಸ ಚೆನ್ನಾಗಿ ಗೊತ್ತು. ಮಧುಗಿರಿಯ ಯಾವ ಬೀದಿಗೆ ಬಾಡಿಗೆಗೆ ಹೋದರೂ ಹುಡುಕಿಕೊಂಡು ಬಂದುಬಿಡುತ್ತೆ. ಈ ಸಲ ದುರ್ಬೀನಿನ ವೇಷದಲ್ಲಿ ಬಂತು.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. "ಗುರುಗ್ರಹಕ್ಕೆ ನಾಲ್ಕು ದೊಡ್ಡ ಚಂದ್ರಗಳಿವೆ, ಒಳ್ಳೆ ದುರ್ಬೀನಿನಲ್ಲಿ ಕಾಣುತ್ತವೆ" ಅಂತ ಇಪ್ಪತ್ತೆಂಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ, ಒಂದನ್ನೂ ಕಂಡವನಲ್ಲ. ಈ ವರ್ಷ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ನೀವು ನೋಡಿದೀರಾ ಸಾರ್?" ಅಂದಳು. "ಪುಸ್ತಕದಲ್ಲಿದೆ, ಕೂತ್ಕೊ" ಅಂದೆ. ಆಮೇಲೆ ನನಗೇ ನಾಚಿಕೆಯಾಯಿತು. ನಿವೃತ್ತಿಗೆ ಮೊದಲು ನೋಡಿಯೇ ತೀರಬೇಕು ಅಂತ ದೊಡ್ಡ ದುರ್ಬೀನು ತರಿಸಿದೆ. ಅದೋ ಸಣ್ಣ ಕುಂಬಳಕಾಯಿಯಷ್ಟು ಭಾರ. ಕೈಯಲ್ಲಿ ಹಿಡಿದರೆ ಗುರು ಮೈಮೇಲೆ ದೇವರು ಬಂದವರ ಹಾಗೆ ಕುಣಿಯುತ್ತಾನೆ. ನಿಂತು ಕತ್ತೆತ್ತೋಣವೆಂದರೆ ಡಾಕ್ಟರು ಕತ್ತಿಗೆ ಪಟ್ಟಿ ಹಾಕಿದ್ದಾರೆ. ಕೂತು ನೋಡುವಂಥ, ಮೇಷ್ಟ್ರ ಸಂಬಳಕ್ಕೆ ಎಟುಕುವಂಥ ಸ್ಟ್ಯಾಂಡು ಬೇಕಾಯಿತು.

೧. ತಿಳಿದವರ ಸಲಹೆ

ಆಕಾಶ ನೋಡುವವರ ಗುಂಪೊಂದಕ್ಕೆ ಫೋನಿನಲ್ಲಿ ಸೇರಿಕೊಂಡೆ. ಅಲ್ಲೊಬ್ಬರು ಪರಿಣತರು. ಯಾರು ಏನು ಕೇಳಿದರೂ ಎರಡು ನಿಮಿಷದಲ್ಲಿ ಉತ್ತರ. "ದುರ್ಬೀನಿಗೆ ಕೊಟ್ಟಿದ್ದರ ಎರಡರಷ್ಟು ಸ್ಟ್ಯಾಂಡಿಗೆ ಕೊಡಿ, ಇಲ್ಲದಿದ್ದರೆ ಆಕಾಶದ ಆಸೆ ಬಿಡಿ" ಅಂತ ಬರೆದರು. ನೀವು ಇದುವರೆಗೆ ಏನೇನು ನೋಡಿದೀರಿ ಅಂತ ಕೇಳಿದೆ. "ಇನ್ನೂ ಇಲ್ಲ ಸಾರ್. ನಾಲ್ಕು ವರ್ಷದಿಂದ ಸ್ಟ್ಯಾಂಡ್ ಸೆಲೆಕ್ಟ್ ಮಾಡ್ತಾ ಇದೀನಿ" ಅಂತ ಬಂತು.

ಹೆಂಡತಿಗೆ ಈ ಲೆಕ್ಕ ಹೇಳಿದೆ. "ಎಮ್ಮೆಗಿಂತ ಗೂಟಕ್ಕೆ ರೇಟು ಜಾಸ್ತಿ ಅಂದ್ರೆ ಎಮ್ಮೇನೇ ಮಾರ್‌ಬುಡಿ ಅತ್ಲಾಗೆ" ಅಂದಳು.

೨. ಮದುವೆ ಸ್ಟ್ಯಾಂಡು

ಮಧುಗಿರಿಯ ಸ್ಟುಡಿಯೋದವನು ಪರಿಚಯದವನು, ಮದುವೆಗೆ ಒಯ್ಯುವ ಮೂರು ಕಾಲಿನ ಸ್ಟ್ಯಾಂಡು ಕೊಟ್ಟ. ದುರ್ಬೀನು ಕೂರಿಸಿ ಮೇಲಕ್ಕೆ ತಿರುಗಿಸಿದರೆ ಅದು ಮೆಲ್ಲಗೆ ತಲೆ ತಗ್ಗಿಸಿ ನೆಲ ನೋಡುತ್ತೆ. ಅವನನ್ನು ಕೇಳಿದ್ದಕ್ಕೆ, "ಹೆಣ್ಣು ತಲೆ ತಗ್ಗಿಸಿರ್ತದೆ, ಗಂಡು ಊಟದ ಹಾಲ್ ಕಡೆ ನೋಡ್ತಿರ್ತದೆ. ಮದುವೇಲಿ ಮೇಲೆ ನೋಡೋರು ಯಾರು ಸಾರ್?" ಅಂದ.

ಅವತ್ತು ಸಂಜೆ ದುರ್ಬೀನು ಹೀಗೆ ಜಾರಿ ಎದುರು ಮನೆ ತಾರಸಿಯ ಕಡೆ ತಿರುಗಿ ನಿಂತಿತು. ಎದುರು ಮನೆಯ ಯಜಮಾನರು ಕೈ ಬೀಸುತ್ತಾ ಗೇಟಿಗೆ ಬಂದರು. ನನ್ನ ಮಾನ ಹೋಯಿತು ಅಂದುಕೊಂಡೆ. ಅವರು ಹತ್ತಿರ ಬಂದು ದನಿ ತಗ್ಗಿಸಿ, "ಹೆಂಗೂ ನಮ್ಮ ಕಡೆ ತಿರುಗಿಸಿದೀರಿ ಮೇಷ್ಟ್ರೇ, ನಮ್ಮ ಟ್ಯಾಂಕ್ ತುಂಬೈತಾ ಒಂಚೂರು ನೋಡಿ ಹೇಳಿ" ಅಂದರು.

೩. ಸಿರಾದ ಮಜಬೂತು

ಸಿರಾದಲ್ಲಿ ಗೇಟು, ಗ್ರಿಲ್ ಮಾಡುವ ಒಬ್ಬ ಸಾಹೇಬರಿದ್ದಾರೆ. ಚಿತ್ರ ಬರೆದುಕೊಟ್ಟು, ಹಗುರವಾಗಿರಲಿ ಅಂತ ಮೂರು ಸಲ ಹೇಳಿ ಬಂದೆ. ಹದಿನೈದು ದಿನಕ್ಕೆ ಸಾಹೇಬರ ಜೊತೆಗೇ ಲಗೇಜ್ ಆಟೋದಲ್ಲಿ ಬಂತು. ಇಳಿಸಲು ನಾಲ್ಕು ಜನ ಬೇಕಾಯಿತು. ತುದಿಯಲ್ಲಿ ಈಟಿಯಂಥ ಮೊನೆಗಳು, ನಡುವೆ ಎರಡು ನವಿಲು, ಪಕ್ಕದಲ್ಲಿ ಚಿಲಕ.

"ಇದಕ್ಕೆ ಚಿಲಕ ಯಾಕೆ ಸಾಹೇಬರೇ?"

"ಮೂವತ್ತು ವರ್ಷದಲ್ಲಿ ಚಿಲಕ ಇಲ್ದೆ ಒಂದು ಸಾಮಾನೂ ನಮ್ಮ ಅಂಗಡಿಯಿಂದ ಹೋಗಿಲ್ಲ ಸಾರ್. ಏಕ್‌ದಮ್ ಮಜಬೂತ್."

ಅಂಗಳದಿಂದ ತಾರಸಿಗೆ ಅದು ಏರಲೇ ಇಲ್ಲ. ಈಗ ಅದರ ಮೇಲೆ ನಮ್ಮನೆ ಬಟ್ಟೆ ಒಣಗುತ್ತವೆ, ಎಂಥ ಗಾಳಿಗೂ ಒಂದಿಂಚು ಅಲುಗುವುದಿಲ್ಲ.

೪. ಕೊರಟಗೆರೆ ಕುರ್ಚಿ

ಸ್ಟ್ಯಾಂಡಿಲ್ಲದಿದ್ದರೆ ಹೋಗಲಿ, ಒರಗಿ ಕೂತು ಕುರ್ಚಿಯ ಕೈ ಮೇಲೆ ಮೊಣಕೈ ಊರಿ ನೋಡೋಣ ಅಂತ ಕೊರಟಗೆರೆಯ ಸೆಲೂನಿನವರು ಮಾರುತ್ತಿದ್ದ ಹಳೇ ಕುರ್ಚಿ ತಂದೆ. ಕತ್ತಿಗೆ ಸ್ವರ್ಗ. ಎಷ್ಟು ಸ್ವರ್ಗವೆಂದರೆ ಮೂರು ನಿಮಿಷಕ್ಕೆ ಗೊರಕೆ. ಗುರು ತನ್ನ ಪಾಡಿಗೆ ನೆತ್ತಿ ದಾಟಿ ಹೋಗುತ್ತಿದ್ದ.

ಕುರ್ಚಿ ಬಂದ ಸುದ್ದಿ ಊರಿಗೆ ಹಬ್ಬಿತು. ಹೆಡ್ಮಾಸ್ಟರು ಕರೆಸಿ ಗಂಭೀರವಾಗಿ, "ಸರ್ಕಾರಿ ನೌಕರರು ಬೇರೆ ವ್ಯವಹಾರ ಮಾಡಂಗಿಲ್ಲ, ಗೊತ್ತಲ್ಲ?" ಅಂದರು. ನಾನು ನಕ್ಷತ್ರ, ಕತ್ತುನೋವು ಅಂತ ವಿವರಿಸುತ್ತಲೇ ಇದ್ದೆ. ಅವರು ನಂಬಲಿಲ್ಲ. ಕೊನೆಗೆ ತಮ್ಮ ಬೋಳುತಲೆಯ ಅಂಚಿನ ನಾಲ್ಕು ಕೂದಲು ಸವರಿಕೊಂಡು, "ಭಾನುವಾರ ಮಾತ್ರ ಅಂದ್ರೆ ನಾನು ನೋಡದ ಹಾಗೆ ಇರ್ತೀನಿ. ನಂದಕ್ಕೆ ಜಾಸ್ತಿ ಹೊತ್ತು ಹಿಡಿಯಲ್ಲ" ಅಂದರು.

೫. ನಿಡುಗಲ್ಲಿನ ಮಾಮ

ನನ್ನ ಹೆಂಡತಿಯ ಸೋದರಮಾವ ಪಾವಗಡದ ಕಡೆ ನಿಡುಗಲ್ಲಿನಲ್ಲಿ ಕುರಿ ಸಾಕಿಕೊಂಡಿದ್ದಾರೆ. ಮಾತಿನಲ್ಲಿ ಅರ್ಧ ತೆಲುಗು. ಡಿಸೆಂಬರಿನಲ್ಲಿ ನಾಲ್ಕು ದಿನ ರಜೆ ಹಾಕಿ ಹೋದಾಗ ದುರ್ಬೀನೂ ಬಂತು. ಸಂಜೆ ಊಟಕ್ಕೆ ಮೊದಲು ಗುರು ಬೆಟ್ಟದ ಪಕ್ಕ ಎದ್ದ. ನಾನು ನಿಂತು ದುರ್ಬೀನೆತ್ತಿ, ಕುಣಿಯುವ ಗುರುವನ್ನು ಹಿಡಿಯಲು ಹೆಣಗುತ್ತಿದ್ದೆ.

ಮಾಮ ಮಾತ್ರ ಜಗಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆನ್ನು ಮೊಣಕಾಲು ಸೇರಿಸಿ ಟವೆಲ್ ಬಿಗಿದುಕೊಂಡು ಕಲ್ಲಿನ ಹಾಗೆ ಇದ್ದರು. ಬೆಳಗಿಂದ ಸಂಜೆವರೆಗೆ ಕುರಿ ಕಾಯುವಾಗ ಅವರು ಕೂರುವುದೇ ಹಾಗೆ. "ಊರಿಕೇ ಸುಮ್ನೆ ಯಾಕೆ ಮೇಷ್ಟ್ರೇ ಒದ್ದಾಡ್ತೀರಿ, ಇಂಗೆ ಟವೆಲ್ ಕಟ್ಕಳಿ, ಮಂಡಿ ಮ್ಯಾಲೆ ಮಡಗಿ" ಅಂದರು. ಕಟ್ಟಿಕೊಂಡೆ. ಹೊಟ್ಟೆ ಒಪ್ಪಲಿಲ್ಲ. ಟವೆಲ್ ಬಿಚ್ಚಿಹೋಗಿ ಹಿಂದಕ್ಕೆ ಉರುಳಿ ಕುರಿ ರೊಪ್ಪದ ಬೇಲಿಗೆ ಬಿದ್ದೆ.

ಮಾಮ ನಗಲೂ ಇಲ್ಲ, ಅಲುಗಲೂ ಇಲ್ಲ. "ಹೋಗ್ಲಿ, ಜಗಲಿ ಮ್ಯಾಲೆ ಕೂತು ನನ್ನ ಹೆಗಲ ಮ್ಯಾಲೆ ಮಡಗಿ" ಅಂದರು.

"ಭಾರ ಆಗಲ್ವಾ ಮಾಮ?"

"ಭಾರಮಾ? ಕಾಲು ಮುರಿದ ಟಗರು ಹೊತ್ಕಂಡು ಬೆಟ್ಟ ಇಳ್ದೋನು ನಾನು. ನೋಡಿ ಸುಮ್ಕೆ."

ಇಟ್ಟೆ. ಗುರು ನಿಂತ. ಮಾಮ ಉಸಿರೆಳೆದಾಗ ಒಂಚೂರು ಮೇಲೇಳುತ್ತಿದ್ದ, ಬಿಟ್ಟಾಗ ಇಳಿಯುತ್ತಿದ್ದ, ಅಷ್ಟೇ. ಪಕ್ಕದಲ್ಲಿ ಒಂದೇ ಸಾಲಿನಲ್ಲಿ ನಾಲ್ಕು ಚುಕ್ಕಿ. ಇಪ್ಪತ್ತೆಂಟು ವರ್ಷ ಹೇಳಿದ್ದು ಸುಳ್ಳಲ್ಲವಲ್ಲ ಅಂತ ಎಷ್ಟು ಸಂತೋಷವಾಯಿತೆಂದರೆ, ಕಣ್ಣಲ್ಲಿ ನೀರು ಬಂದು ನಾಲ್ಕು ಎಂಟಾದವು.

ಆಮೇಲೆ ಮಾಮನೂ ನೋಡಿದರು. "ಒಂದು ಟಗರು, ನಾಕು ಮರಿ. ಸಾಲಾಗಿ ಹೋಗ್ತಾವಲ್ಲ, ನಮ್ಮವು ಒಂದಿನಾನೂ ಇಂಗೆ ಹೋಗಿಲ್ಲ" ಅಂದರು.

ರಜೆ ಮುಗಿಸಿ ಶಾಲೆಗೆ ಹೋದ ದಿನ ಆ ಹುಡುಗಿಯನ್ನು ಎಬ್ಬಿಸಿ, "ನೋಡಿದೀನಿ ಕಣಮ್ಮ" ಅಂದೆ. ಅದೇ ಹುಮ್ಮಸ್ಸಿನಲ್ಲಿ ಗುಂಪಿಗೂ ಬರೆದೆ: "ಕೊನೆಗೂ ಸ್ಟ್ಯಾಂಡು ಸಿಕ್ಕಿತು. ಪಾವಗಡದ ಕಡೆಯದು, ಅರುವತ್ತು ವರ್ಷ ಹಳೆಯದು. ಎಷ್ಟು ಭಾರ ಹಾಕಿದರೂ ಅಲುಗುವುದಿಲ್ಲ. ಕರೆಂಟು ಬೇಡ, ಆಗಾಗ ಕಾಫಿ ಕೊಟ್ಟರೆ ಸಾಕು."

ಎರಡೇ ನಿಮಿಷಕ್ಕೆ ಪರಿಣತರ ಉತ್ತರ ಬಂತು: "ಆ ಮಾಡೆಲ್ ನಾನು ಆಗಲೇ ಬಳಸಿ ಬಿಟ್ಟಿದೀನಿ ಸಾರ್. ಆರು ತಿಂಗಳಿಗೆ ಕೀಲು ಸಡಿಲ ಆಗುತ್ತೆ."