ಅತ್ತೆಯ ಎದೆಯೊಳಗಿನ ನಾಯಿ

ನಮ್ಮ ಸೋದರತ್ತೆಗೆ ಆನೆಯೆಂದರೆ ಭಯವಿಲ್ಲ, ನನ್ನ ಜೀಪೆಂದರೆ ಪ್ರಾಣಭಯ! ಹೋದ ವರ್ಷ ಕಾಫಿ ಒಣಹಾಕಿದ್ದ ಕಣಕ್ಕೆ ಒಂಟಿ ಸಲಗ ಬಂದಾಗ ನಾವೆಲ್ಲ ಅಟ್ಟ ಹತ್ತಿ ಕೂತಿದ್ದೆವು. ಅತ್ತೆ ಕಿಟಕಿಯಲ್ಲಿ ನಿಂತು, "ಹೋಗು ಮಾರಾಯ, ಇಲ್ಲೇನೂ ಇಲ್ಲ" ಎಂದಳು. ಅದು ಹೋಗಿಯೂಬಿಟ್ಟಿತು. ಅದೇ ಅತ್ತೆ ನನ್ನ ಜೀಪಿನ ಸದ್ದು ಕೇಳಿದರೆ ಬಾಗಿಲು ಹಾಕಿ, ಒದ್ದೆ ಟವೆಲಿನಿಂದ ಮೂಗು ಮುಚ್ಚಿಕೊಳ್ಳುತ್ತಾಳೆ.

ಅವಳಿಗೆ ಅಸ್ತಮಾ. ಸಕಲೇಶಪುರದ ಡಾಕ್ಟರು ಒಮ್ಮೆ ಬಿಡಿಸಿ ಹೇಳಿದ್ದರು: ಡೀಸೆಲ್ ಹೊಗೆ ಒಳಗೆ ಹೋದರೆ ಮೈ ಕಾಯುವ ಶಕ್ತಿಯೇ ರೊಚ್ಚಿಗೇಳುತ್ತದೆ, ಉಸಿರಿನ ಕೊಳವೆ ಊದಿಕೊಳ್ಳುತ್ತದೆ, ಆಮೇಲೆ ಒಂದಿಷ್ಟು ಧೂಳಿಗೂ ಕೆರಳುತ್ತದೆ. ಅತ್ತೆ ಅದನ್ನು ತನಗೆ ಬೇಕಾದಂತೆ ಅರ್ಥ ಮಾಡಿಕೊಂಡಳು.

"ನನ್ನೆದೇಲಿ ಒಂದು ಕಾವಲು ನಾಯಿ ಐತೆ ಕಣೋ. ಹೊಗೆ ಬಂದ್ರೆ ಕಳ್ಳ ಬಂದ ಅಂತ ಎದ್ದು, ಮನೆಯೋರನ್ನೇ ಕಚ್ಚುತ್ತೆ."

ನನ್ನ ಜೀಪಿನ ಸೆಲ್ಫ್ ಕೆಟ್ಟು ಎಷ್ಟೋ ಕಾಲವಾಗಿದೆ. ಇಳಿಜಾರಿನಲ್ಲಿ ಉರುಳಿಸಿಯೇ ಸ್ಟಾರ್ಟ್ ಮಾಡಬೇಕು. ಹಾಗಾಗಿ ಅತ್ತೆಯ ಸಮತಟ್ಟಾದ ಅಂಗಳದಲ್ಲಿ ನಾನು ಎಂಜಿನ್ ಆರಿಸುತ್ತಲೇ ಇರಲಿಲ್ಲ. ಒಂದು ದಿನ ಅತ್ತೆ ಸೀದಾ ಬಂದು ಕೀ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಾಫಿ ಕುಡಿದ ಮೇಲೆ ನಾನೂ ತೋಟದ ಕೂಲಿ ಲೈನಿನ ನಾಲ್ಕು ಆಳುಗಳೂ ಸೇರಿ ಗೇಟಿನವರೆಗೆ ತಳ್ಳಬೇಕಾಯಿತು. ಏದುಸಿರು ಬಿಡುತ್ತ ನಾನು ಬಾಗಿ ನಿಂತರೆ, ಈ ಮಹಾತಾಯಿ ನನ್ನ ಬೆನ್ನಿಗೆ ಕಿವಿಯಿಟ್ಟು ಕೇಳುವುದೇ? ಆಳುಗಳು ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ. ಜೀಪು ಇನ್ನು ಗೇಟಿನಾಚೆಯ ಏರಿನಲ್ಲೇ ನಿಲ್ಲಬೇಕೆಂದು ಅಪ್ಪಣೆಯಾಯಿತು.

ಮೊನ್ನೆ ಬೆಳಿಗ್ಗೆ ನಾನು ಅಲ್ಲಿದ್ದಾಗಲೇ ನಾಯಿ ಎದ್ದಿತು. ಇನ್ಹೇಲರ್ ಒತ್ತಿದ್ದೇ ಬಂತು, ಉಸಿರು ಹತ್ತಲಿಲ್ಲ. ತುಟಿ ನೀಲಿಗಟ್ಟುತ್ತಿತ್ತು. ನಾನೂ ಆಳುಗಳೂ ಅವಳನ್ನು ಕುರ್ಚಿ ಸಮೇತ ಎತ್ತಿಕೊಂಡು ಗೇಟಿನಾಚೆಗೆ ಓಡಿದೆವು. ಬೇರೆ ಗಾಡಿ ಇರಲಿಲ್ಲ, ಆ ದರಿದ್ರ ಜೀಪೇ ಗತಿ. ಸಕಲೇಶಪುರದ ದಾರಿಯ ಬಾಳ್ಳುಪೇಟೆಯಲ್ಲಿ ಎರಡು ಲಾರಿಗಳ ನಡುವೆ ಸಿಕ್ಕಿಕೊಂಡೆವು. ಮುಂದಿನದ್ದರ ಕಪ್ಪು ಹೊಗೆ ನೇರ ಒಳಗೆ ಬರುತ್ತಿತ್ತು, ಕೆಳಗಿನಿಂದ ನನ್ನದೂ. ನನ್ನದನ್ನಾದರೂ ಆರಿಸೋಣವೆಂದರೆ, ಆರಿಸಿದರೆ ಆ ಸಪಾಟು ರಸ್ತೆಯಲ್ಲಿ ಮತ್ತೆ ಹೊರಡುವುದು ಹೇಗೆ? ನನ್ನ ಕೈಯಾರೆ ಅತ್ತೆಯನ್ನು ಕೊಲ್ಲುತ್ತಿದ್ದೇನೆ ಅನ್ನಿಸಿತು.

ಆಗ ತಣ್ಣನೆಯದೊಂದು ನನ್ನ ಮೂಗಿನ ಮೇಲೆ ಬಂದು ಕೂತಿತು. ಅವಳ ಒದ್ದೆ ಟವೆಲು.

"ನೀನು ಮುಚ್ಕೊ ಅತ್ತೆ!" ಎಂದೆ.

"ನಂದು... ಮುದಿ ನಾಯಿ," ಎಂದಳು, ಒಂದೊಂದು ಮಾತಿಗೂ ನಿಂತು. "ನಿನ್ನೆದೇಲೂ... ಒಂದು ಮರಿ... ಬೊಗಳ್ತಾ ಐತೆ ಕಣೋ. ಅವತ್ತೇ... ಕೇಳಿಸ್ಕಂಡೆ."

ಹೇಗೋ ಸಕಲೇಶಪುರ ಮುಟ್ಟಿದೆವು. ಮುಖಕ್ಕೆ ಮಾಸ್ಕ್ ಹಾಕಿ ಮಲಗಿಸಿದ್ದರು. ಉಸಿರು ತುಸು ಹದಕ್ಕೆ ಬರುತ್ತಲೇ ಅವಳು ಡಾಕ್ಟರ ಕೋಟು ಹಿಡಿದೆಳೆದು ನನ್ನತ್ತ ಬೆರಳು ತೋರಿಸಿದಳು. ಅವರು ನನ್ನನ್ನು ತಿರುಗಿಸಿ ಸ್ಟೆತಸ್ಕೋಪ್ ಇಟ್ಟರು, ಅವತ್ತು ಅತ್ತೆ ಕಿವಿಯಿಟ್ಟ ಜಾಗಕ್ಕೇ.

"ಎಷ್ಟು ದಿನದಿಂದ ಹೀಗಿದೆ?" ಎಂದರು.

ನನಗೆ ಗೊತ್ತಿರಲಿಲ್ಲ. ಅತ್ತೆಯ ಮುಖ ನೋಡಿದೆ.